ಒಂದೇ ದಕ್ಷಿಣ, ಎರಡು ಜಾತಕ

ಈಗಿನ ಗೃಹಪ್ರವೇಶಗಳಿಗೆ ಹೋದಾಗ ಟಿವಿ ಯೂನಿಟ್ ಕಡೆ ಸ್ವಲ್ಪ ನೋಡಿ. ಗಣಪತಿಯ ಪಕ್ಕದಲ್ಲೇ ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ ಕೂತಿರುತ್ತಾನೆ. ಗಾಜಿನ ಬಟ್ಟಲಿನ ನೀರಲ್ಲಿ ಹಿತ್ತಾಳೆಯ ಆಮೆ. ಕಿಟಕಿ ಹತ್ತಿರ ಕೆಂಪು ರಿಬ್ಬನ್ ಕಟ್ಟಿದ ಲಕ್ಕಿ ಬಾಂಬೂ. ಬಾಗಿಲಿಗೆ ಮಾವಿನ ತೋರಣ, ಒಳಗೆ ಕಾಲಿಟ್ಟರೆ ತಲೆಗೆ ತಾಗುವ ವಿಂಡ್ ಚೈಮ್. ಹೋಮ ಮಾಡಿಸಿದ ಪುರೋಹಿತರು ಇದಕ್ಕೆಲ್ಲ ಏನೂ ಅನ್ನುವುದಿಲ್ಲ. ಊಟಕ್ಕೆ ಬಂದ ನೆಂಟರಿಗೂ ವಿಚಿತ್ರ ಅನ್ನಿಸುವುದಿಲ್ಲ. ನಮ್ಮ ವಾಸ್ತು ಮತ್ತು ಚೀನಾದವರ ವಾಸ್ತು ಎನ್ನಬಹುದಾದ ಫೆಂಗ್ ಶೂಯಿ ನಮ್ಮ ಮನೆಗಳಲ್ಲಿ ಬೀಗರ ಹಾಗೆ ಹೊಂದಿಕೊಂಡುಬಿಟ್ಟಿವೆ.

ಕಿತ್ತಾಟ ಶುರುವಾಗುವುದು ಮೀನಿನ ತೊಟ್ಟಿ ತಂದ ದಿನ. ಫೆಂಗ್ ಶೂಯಿ ಲೆಕ್ಕದಲ್ಲಿ ಆಗ್ನೇಯ ದುಡ್ಡಿನ ಮೂಲೆ. ಅದರ ಧಾತು ಮರ. ಮರ ಬೆಳೆಯಲು ನೀರು ಬೇಕು, ಆದ್ದರಿಂದ ಅಕ್ವೇರಿಯಂ ಅಲ್ಲೇ ಇರಬೇಕು. ವಾಸ್ತುವಿನ ಲೆಕ್ಕದಲ್ಲಿ ಆಗ್ನೇಯ ಅಗ್ನಿಮೂಲೆ. ಅಲ್ಲಿ ಒಲೆ ಉರಿಯಬೇಕು. ನೀರು ಏನಿದ್ದರೂ ಈಶಾನ್ಯಕ್ಕೆ. ಎರಡನ್ನೂ ನಂಬುವವರು ಏನು ಮಾಡಬೇಕು? ಎರಡು ಮೂಲೆಯಲ್ಲೂ ಒಂದೊಂದು ತೊಟ್ಟಿ ಇಟ್ಟವರನ್ನು ನಾನು ನೋಡಿದ್ದೇನೆ. ಮೀನು ಮಾರುವವನಿಗೆ ಮಾತ್ರ ಎರಡೂ ಶಾಸ್ತ್ರ ಫಲ ಕೊಟ್ಟಿತು.

ವಾಸ್ತು ನಿಜವೋ ಸುಳ್ಳೋ ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಅದು ಪ್ರತಿ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ನಡೆದು ಅಲ್ಲಿಗೇ ಮುಗಿಯುತ್ತದೆ. ಈ ಎರಡು ಪದ್ಧತಿಗಳು ಎಲ್ಲಿ ಜಗಳವಾಡುತ್ತವೆ, ಎಲ್ಲಿ ತಲೆ ಆಡಿಸುತ್ತವೆ ಎನ್ನುವುದನ್ನು ನೋಡುವುದು ಅದಕ್ಕಿಂತ ಮಜಾ.

ದೊಡ್ಡ ಜಗಳ ದಕ್ಷಿಣದ್ದು. ಬೆಂಗಳೂರಿನಲ್ಲಿ ಸೈಟು ಹುಡುಕಿದವರಿಗೆಲ್ಲ ಗೊತ್ತು. ಈಸ್ಟ್ ಫೇಸಿಂಗ್, ನಾರ್ತ್ ಫೇಸಿಂಗ್ ಎಂದರೆ ರೇಟು ಮೇಲೆ. ಸೌತ್ ಎಂದ ಕೂಡಲೇ ಬ್ರೋಕರ್ ಧ್ವನಿ ತಗ್ಗುತ್ತದೆ, 'ಕೂತು ಮಾತಾಡೋಣ ಬನ್ನಿ ಸಾರ್' ಅನ್ನುತ್ತಾನೆ. ದಕ್ಷಿಣ ಯಮನ ದಿಕ್ಕು, ಅಲ್ವಾ. ಆದರೆ ಪೂರ್ವ ಪಶ್ಚಿಮವಾಗಿ ಹಾಕಿದ ಯಾವುದೇ ರಸ್ತೆಯಲ್ಲಿ ಒಂದು ಸಾಲಿನ ಮನೆಗಳು ಉತ್ತರಕ್ಕೆ ಮುಖ ಮಾಡಿದರೆ ಎದುರು ಸಾಲಿನವು ದಕ್ಷಿಣಕ್ಕೇ ಮುಖ ಮಾಡಬೇಕು. ಬಡಾವಣೆಯ ಅಂಥ ರಸ್ತೆಗಳಲ್ಲಿ ಅರ್ಧಕ್ಕರ್ಧ ಜನ ಯಮನ ಕಡೆ ನೋಡಿಕೊಂಡೇ ಮಕ್ಕಳನ್ನು ಓದಿಸಿ, ಮದುವೆ ಮಾಡಿ, ಪೆನ್ಷನ್ ತೆಗೆದುಕೊಳ್ಳುತ್ತಿದ್ದಾರೆ.

ವಿಧಾನಸೌಧವನ್ನೂ ಈ ಭಯ ಬಿಟ್ಟಿಲ್ಲ. ಮುಖ್ಯಮಂತ್ರಿಗಳ ಕಚೇರಿಯ ದಕ್ಷಿಣದ ಬಾಗಿಲು ವಾಸ್ತು ಸರಿಯಿಲ್ಲ ಎಂಬ ಕಾರಣಕ್ಕೆ ಮುಚ್ಚಿಕೊಂಡಿತ್ತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರು ಅದನ್ನು ತೆಗೆಸಿ ಆ ಬಾಗಿಲಿಂದಲೇ ಒಳಗೆ ಹೋದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯೇ ಆಯಿತು.

ಇನ್ನು ಚೀನಾಕ್ಕೆ ಹೋಗಿ. ಅಲ್ಲಿ ದಕ್ಷಿಣ ರಾಜಯೋಗದ ದಿಕ್ಕು. ಚಕ್ರವರ್ತಿ ಸಿಂಹಾಸನದಲ್ಲಿ ಕೂರುತ್ತಿದ್ದುದೇ ದಕ್ಷಿಣಕ್ಕೆ ಮುಖ ಮಾಡಿ. ಬೀಜಿಂಗ್‌ನ ನಿಷೇಧಿತ ನಗರ ಪೂರ್ತಿ ದಕ್ಷಿಣಾಭಿಮುಖ. ಅದರ ಬೆನ್ನಿಗೆ, ಉತ್ತರದಲ್ಲಿ, ಜಿಂಗ್‌ಶಾನ್ ಎಂಬ ಗುಡ್ಡ ಇದೆ. ಅದು ಹುಟ್ಟು ಗುಡ್ಡವಲ್ಲ. ಅರಮನೆಯ ಸುತ್ತ ಕಂದಕ ತೋಡಿದಾಗ ಬಂದ ಮಣ್ಣನ್ನೆಲ್ಲ ಹಾಕಿ ಎಬ್ಬಿಸಿದ್ದು. ಬೆನ್ನಿಗೆ ಬೆಟ್ಟ, ಮುಂದೆ ನೀರು ಇರಬೇಕು ಎನ್ನುವುದು ಫೆಂಗ್ ಶೂಯಿಯ ಮೊದಲ ಪಾಠ. ಬೆಟ್ಟ ಇಲ್ಲದಿದ್ದರೆ ಕಟ್ಟಿಯೇಬಿಡು! ಸಾಮಾನ್ಯರ ಚೌಕಿ ಮನೆಗಳೂ ಹೀಗೇ. ಹಿರಿಯರ ಕೋಣೆ ಉತ್ತರದ ಬದಿಯಲ್ಲಿ, ಬಾಗಿಲು ಕಿಟಕಿಯೆಲ್ಲ ದಕ್ಷಿಣಕ್ಕೆ.

ಒಂದೇ ದಕ್ಷಿಣಕ್ಕೆ ಎರಡು ಜಾತಕ ಹೇಗೆ ಬಂತು? ಸೂರ್ಯನನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಅಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 27 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಿಸಿಲು ಓರೆಯಾಗಿ ದಕ್ಷಿಣದ ಕಿಟಕಿಯಿಂದ ಕೋಣೆಯ ಒಳಗೋಡೆವರೆಗೂ ಬರುತ್ತದೆ. ಅದೇ ಹೊತ್ತಿಗೆ ಉತ್ತರದಿಂದ ಮಂಗೋಲಿಯಾ ಕಡೆಯ ಕೊರೆಯುವ ಗಾಳಿ. ಅಲ್ಲಿನ ಚಳಿಗಾಲ ಕಂಡ ಯಾರೇ ಆದರೂ ಶಾಸ್ತ್ರ ಓದದೆಯೇ ದಕ್ಷಿಣಕ್ಕೆ ಬಾಗಿಲು ಇಟ್ಟು ಉತ್ತರಕ್ಕೆ ಗೋಡೆ ಎಬ್ಬಿಸುತ್ತಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿಯಲ್ಲಿ. ಇಲ್ಲಿ ಡಿಸೆಂಬರ್‌ನಲ್ಲೂ ಸೂರ್ಯ 53 ಡಿಗ್ರಿಗಿಂತ ಮೇಲೇ. ಏಪ್ರಿಲ್ ಕೊನೆ ವಾರದಲ್ಲಿ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲದ ದಿನವೂ ಆಗುತ್ತದೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಬಿಸಿಲನ್ನು ಮನೆಯೊಳಗೆ ಕರೆಯುವ ದರ್ದು ನಮಗಿಲ್ಲ. ನಮಗೆ ಬೇಕಾದದ್ದು ಬೆಳಗಿನ ಬೆಳಕು. ಬೇಡವಾದದ್ದು ಮಧ್ಯಾಹ್ನ ಮೂರರ ನಂತರದ ಪಶ್ಚಿಮದ ಉರಿ ಮತ್ತು ಜೂನ್‌ನಿಂದ ನೈರುತ್ಯದಿಂದ ಬಡಿಯುವ ಮಳೆ. ಈಶಾನ್ಯ ಹಗುರವಾಗಿ, ತಗ್ಗಾಗಿ, ತೆರೆದಿರಲಿ, ನೈರುತ್ಯ ಎತ್ತರವಾಗಿ ಭಾರವಾಗಿರಲಿ ಎಂಬ ಮಾತನ್ನು ಮಲೆನಾಡಿನ ಮಳೆಗಾಲದಲ್ಲಿ ಕೂತು ಓದಿದರೆ ಅದರಲ್ಲಿ ಯಾವ ನಿಗೂಢವೂ ಕಾಣುವುದಿಲ್ಲ.

ಹಾಗಂತ ವಾಸ್ತು ಪೂರ್ತಿ ಹವಾಮಾನದ ವಿಜ್ಞಾನ ಎಂದು ನಾನು ಹೇಳುವುದಿಲ್ಲ. ಮನೆಯ ಅಳತೆಯನ್ನು ಎಂಟರಿಂದ ಭಾಗಿಸಿ ಉಳಿದ ಶೇಷದ ಮೇಲೆ ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ ಎಂದು ಆಯ ಹೇಳುವುದಕ್ಕೂ ಮಳೆ ಗಾಳಿಗೂ ಏನು ಸಂಬಂಧ? ಅದು ನಂಬಿಕೆ, ಅಷ್ಟೇ. ನಂಬಿಕೆಗೆ ವಿಜ್ಞಾನದ ಕೋಟು ಹಾಕಿಸಲು ಹೋಗುವವರ ಮೇಲೆ ನನಗೆ ಸ್ವಲ್ಪ ಕೋಪ. 'ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣವನ್ನು ಎಳೆಯುತ್ತದೆ' ಎಂಬ ವಾಟ್ಸ್ಯಾಪ್ ಮೆಸೇಜು ನಿಮಗೂ ಬಂದಿರುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಶಕ್ತಿ ಭೂಮಿಯದಕ್ಕಿಂತ 30,000 ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿದವರ ರಕ್ತವೇ ಎಲ್ಲೂ ಓಡಿಹೋಗುವುದಿಲ್ಲ. ಅಜ್ಜಿ ಉತ್ತರಕ್ಕೆ ತಲೆ ಹಾಕಬೇಡ ಅಂದದ್ದು ಗಣಪತಿಗೆ ಆನೆ ತಲೆ ಬಂದ ಕತೆ ಹೇಳಿ. ಆ ಕತೆಯೇ ಚೆನ್ನಾಗಿತ್ತು.

ಹಳೆಯ ಶಾಸ್ತ್ರ ನಮ್ಮ ಬ್ರೋಕರ್‌ನಷ್ಟು ಹೆದರಿಕೊಂಡದ್ದೂ ಅಲ್ಲ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮನೆ ಕಟ್ಟುವುದಕ್ಕೇ ಒಂದು ಅಧ್ಯಾಯ ಇದೆ. ಅಲ್ಲಿ ಬಾಗಿಲಿಗೆ ಒಂದೊಂದು ಬದಿಯಲ್ಲಿ ಎಂಟರಂತೆ ಒಟ್ಟು 32 ಜಾಗಗಳನ್ನು ಹೇಳಿ ಪ್ರತಿಯೊಂದಕ್ಕೂ ಫಲ ಕೊಟ್ಟಿದ್ದಾನೆ. ದಕ್ಷಿಣದ ಎಂಟರಲ್ಲೂ ಒಳ್ಳೆಯದು ಇದೆ, ಪೂರ್ವದ ಎಂಟರಲ್ಲೂ ಕೆಟ್ಟದ್ದು ಇದೆ. ಇಷ್ಟು ಸೂಕ್ಷ್ಮವಾಗಿದ್ದದ್ದು ನಮ್ಮ ಕಾಲಕ್ಕೆ ಬರುವಾಗ 'ಸೌತ್ ಬೇಡ' ಎಂಬ ಎರಡು ಪದಕ್ಕೆ ಇಳಿದಿದೆ.

ಮನೆ ಕಟ್ಟುವ ಮೊದಲು ನೆಲ ಪರೀಕ್ಷೆ ಮಾಡುವ ಕ್ರಮ ಇನ್ನೂ ಸೊಗಸು. ಸೈಟಿನ ನಡುವೆ ಒಂದು ಮೊಳ ಅಗಲ, ಒಂದು ಮೊಳ ಆಳದ ಗುಂಡಿ ತೋಡಬೇಕು. ತೆಗೆದ ಮಣ್ಣನ್ನು ಅದೇ ಗುಂಡಿಗೆ ವಾಪಸ್ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಬಂದರೆ ಆ ನೆಲ ಬೇಡ. ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ಹೋಗಿ ಬಂದು, ಎಷ್ಟು ಇಂಗಿದೆ ಎಂದು ನೋಡುವ ಪರೀಕ್ಷೆಯೂ ಇದೆ. ಗಟ್ಟಿ ನೆಲದ ಮಣ್ಣು ಅಗೆದಾಗ ಉಬ್ಬಿ ಜಾಸ್ತಿ ಆಗುತ್ತದೆ. ಪೊಳ್ಳು ನೆಲದ್ದು ಆಗುವುದಿಲ್ಲ. ಪಾಯ ಹಾಕುವ ಮೇಸ್ತ್ರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇಕಾ? ಚೀನಾದಲ್ಲೂ ಮೊದಲ ಕೆಲಸ ನೆಲ ಹುಡುಕುವುದೇ. ಗುವೊ ಪು ಎಂಬ 4ನೇ ಶತಮಾನದ ಪಂಡಿತನ ಹೆಸರಲ್ಲಿರುವ ಹಳೆಯ ಗ್ರಂಥ ಮಾತಾಡುವುದು ಗೋರಿಗೆ ಜಾಗ ಹುಡುಕುವುದರ ಬಗ್ಗೆ. ಹಿರಿಯರನ್ನು ಗಾಳಿ ಬಡಿಯದ, ನೀರು ಹತ್ತಿರವಿರುವ ಮಡಿಲಿನಂಥ ನೆಲದಲ್ಲಿ ಮಲಗಿಸಿದರೆ ಮೊಮ್ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಬೆಡ್‌ರೂಮಿನ ಬಣ್ಣ, ಪರ್ಸಿನಲ್ಲಿ ಇಡುವ ನಾಣ್ಯ ಇವೆಲ್ಲ ಎಷ್ಟೋ ಆಮೇಲಿನವು.

ಈಗ ಹೇಳಿ, ಹನ್ನೆರಡನೇ ಮಹಡಿಯ ಟೂ ಬಿಎಚ್‌ಕೆಯಲ್ಲಿ ಯಾವ ಗುಂಡಿ ತೋಡುವುದು? ನೆಲ ಬಿಲ್ಡರ್ ಆರಿಸಿದ್ದು. ದಿಕ್ಕು ರಸ್ತೆ ಆರಿಸಿದ್ದು. ನಿಮ್ಮ ಈಶಾನ್ಯದ ಟಾಯ್ಲೆಟ್‌ನ ಕೆಳಗೂ ಈಶಾನ್ಯದ ಟಾಯ್ಲೆಟ್ಟೇ, ಮೇಲೂ ಅದೇ, ನೆಲದಿಂದ ಟೆರೇಸಿನವರೆಗೆ ಒಂದೇ ಪೈಪು. ಹಾಗಿದ್ದರೆ ಆ ಸಾಲಿನ ಮನೆಗಳವರಿಗೆಲ್ಲ ಒಂದೇ ಹಣೆಬರಹ ಇರಬೇಕಲ್ಲ? ಹಾಗಾಗುವುದಿಲ್ಲ. ಒಬ್ಬರ ಮಗ ಐಐಟಿಗೆ ಹೋಗುತ್ತಾನೆ, ಇನ್ನೊಬ್ಬರ ಮಗ ಲಿಫ್ಟಿನಲ್ಲಿ ಸಿಕ್ಕಾಗಲೂ ಮೊಬೈಲಿಂದ ತಲೆ ಎತ್ತುವುದಿಲ್ಲ.

ಆರಿಸುವ ಸ್ವಾತಂತ್ರ್ಯ ಹೋದ ಜಾಗದಲ್ಲಿ ಪರಿಹಾರದ ಅಂಗಡಿ ತೆರೆಯಿತು. ಒಡೆಯದೆ ದೋಷ ನಿವಾರಣೆ! ಪಿರಮಿಡ್, ತಾಮ್ರದ ಪಟ್ಟಿ, ಬಟ್ಟಲಲ್ಲಿ ಕಲ್ಲುಪ್ಪು. ಚೀನಾದ ಕಡೆಯಿಂದ ಕಪ್ಪೆ, ಆಮೆ, ನಾಣ್ಯದ ಸರ. ಇವುಗಳ ಊರು ಕೇರಿ ವಿಚಾರಿಸಿದರೆ ನಗು ಬರುತ್ತದೆ. ಲಕ್ಕಿ ಬಾಂಬೂ ಬಿದಿರೇ ಅಲ್ಲ, ಡ್ರಸೀನಾ ಜಾತಿಯ ಆಫ್ರಿಕಾದ ಗಿಡ. ಮನಿ ಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ನಡುವಿನ ಮೊರಿಯಾ ದ್ವೀಪ. ನಗುವ ಬುದ್ಧ ಬುದ್ಧನಲ್ಲ. ಬುಡೈ ಎಂದು ಕರೆಸಿಕೊಂಡ ಚೀನೀ ಸನ್ಯಾಸಿ, 10ನೇ ಶತಮಾನದ ಹೊತ್ತಿನವನು, ಬಟ್ಟೆಯ ಚೀಲ ಹೊತ್ತು ಊರೂರು ಅಲೆಯುತ್ತಿದ್ದ ಎಂದು ಅವನ ಕತೆ. ಸ್ವಂತ ಮನೆಯೇ ಇಲ್ಲದವನು ಈಗ ಎಲ್ಲರ ಮನೆ ಕಾಯುತ್ತಿದ್ದಾನೆ. ಈ ಸಾಮಾನುಗಳಿಂದ ತೊಂದರೆ ಏನೂ ಇಲ್ಲ. ಮನಿ ಪ್ಲಾಂಟು ನಮ್ಮ ಮನೆಯಲ್ಲೂ ಇದೆ, ಕಡಿಮೆ ಬೆಳಕಲ್ಲೂ ಸಾಯುವುದಿಲ್ಲ ಎಂಬ ಕಾರಣಕ್ಕೆ.

ಜಗಳದ ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಹಾಸನದ ಕಡೆ ನಮ್ಮ ಅಜ್ಜಿಯ ಮನೆಯ ಮುಂಬಾಗಿಲಲ್ಲಿ ನಿಂತರೆ ನಡುಮನೆ ದಾಟಿ, ಹಿಂಬಾಗಿಲು ದಾಟಿ, ಹಿತ್ತಿಲ ಬಚ್ಚಲೊಲೆಯ ಹೊಗೆ ಕಾಣುತ್ತಿತ್ತು. ಬಾಗಿಲಿಗೆ ಬಾಗಿಲು ನೇರ. ಹಳ್ಳಿಯ ಬಹಳಷ್ಟು ಮನೆಗಳು ಹಾಗೇ. ಮಧ್ಯಾಹ್ನ ಎರಡೂ ತೆಗೆದಿಟ್ಟರೆ ಫ್ಯಾನು ಬೇಡ. ಫೆಂಗ್ ಶೂಯಿಯವರಿಗೆ ಇದನ್ನು ತೋರಿಸಿದರೆ ಎದೆ ಒಡೆದುಕೊಳ್ಳುತ್ತಾರೆ. ಮುಂದಿನಿಂದ ಬಂದ 'ಚಿ', ಅಂದರೆ ಮನೆಯ ಪ್ರಾಣಶಕ್ತಿ, ನಿಲ್ಲದೆ ಹಿಂದಿನಿಂದ ಸೋರಿ ಹೋಗುತ್ತದೆ, ದುಡ್ಡೂ ಹಾಗೇ ಹೋಗುತ್ತದೆ ಎಂದು. ಅವರ ಚೌಕಿ ಮನೆಯಲ್ಲಿ ಹೆಬ್ಬಾಗಿಲು ಆಗ್ನೇಯ ಮೂಲೆಯಲ್ಲಿ ಇರುತ್ತದೆ. ಅದನ್ನು ದಾಟಿದ ತಕ್ಷಣ ಎದುರಿಗೆ ಒಂದು ಅಡ್ಡಗೋಡೆ. ಗಾಳಿಯೂ, ದಾರಿಹೋಕರ ಕಣ್ಣೂ ಸೀದಾ ಒಳಗೆ ನುಗ್ಗುವ ಹಾಗಿಲ್ಲ. ಹಿಮ ಬೀಳುವ ಊರಲ್ಲಿ ಗಾಳಿ ಸೋರಿ ಹೋಗುವುದು ನಿಜವಾಗಿಯೂ ನಷ್ಟವೇ. ನಮ್ಮ ಊರಲ್ಲಿ ಅದು ಲಾಭ. ಬೆಂಗಳೂರಿನ ಫ್ಲಾಟಿನಲ್ಲಿ ಮುಂಬಾಗಿಲ ಎದುರಿಗೆ ಬಾಲ್ಕನಿ ಬಾಗಿಲಿದ್ದರೆ ಅದನ್ನು ದೋಷ ಎಂದು ಪರದೆ ಬಿಡುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ನನ್ನ ಚಿಕ್ಕಪ್ಪನ ಮಗಳು ಇರುವುದು ಮೆಲ್ಬರ್ನ್‌ನಲ್ಲಿ. ಅಲ್ಲಿ ಆಟವೇ ತಿರುವುಮುರುವು. ಸೂರ್ಯ ಹೋಗುವುದು ಉತ್ತರದ ಆಕಾಶದಲ್ಲಿ. ಬೇಸಿಗೆಯ ಬಿಸಿಗಾಳಿ ಬರುವುದೂ ಉತ್ತರದ ಒಳನಾಡಿಂದ. ತಣ್ಣನೆಯ ಗಾಳಿ ನೈರುತ್ಯದಿಂದ. ಉತ್ತರಕ್ಕೆ ತೆರೆದ ಮನೆಗೆ ಅಲ್ಲಿ ಬೇಡಿಕೆ ಜಾಸ್ತಿ, ಚಳಿಗಾಲದ ಬಿಸಿಲಿಗಾಗಿ. ಅವಳು ವಿಡಿಯೋ ಕಾಲ್‌ನಲ್ಲಿ ಇಲ್ಲಿನ ಒಬ್ಬ ವಾಸ್ತು ಸಲಹೆಗಾರರನ್ನು ಕೇಳಿದಾಗ ಅವರೂ ಉತ್ತರ ಒಳ್ಳೆಯದು, ಕುಬೇರನ ದಿಕ್ಕು ಅಂದರಂತೆ. ಕುಬೇರನೂ ಆಸ್ಟ್ರೇಲಿಯಾದ ಸೂರ್ಯನೂ ಅಕಸ್ಮಾತ್ತಾಗಿ ಒಂದೇ ಕಡೆ ಸೇರಿಬಿಟ್ಟರು. ಆದರೆ ಮಧ್ಯಾಹ್ನದ ಉರಿ ಅವಳಿಗೆ ಬರುವುದು ವಾಯವ್ಯದಿಂದ. ಇಲ್ಲಿನ ಪುಸ್ತಕದಲ್ಲಿ ಆ ಮೂಲೆಗೆ ಭಾರದ ಗೋಡೆ ಹೇಳಿಲ್ಲ. ಅವಳು ಪುಸ್ತಕ ಬಿಟ್ಟು ಅಲ್ಲಿ ಬಳ್ಳಿ ಹಬ್ಬಿಸಿದಳು.

ಇನ್ನು ಎರಡೂ ಒಪ್ಪುವ ಕಡೆ. ರಸ್ತೆ ಸೀದಾ ಬಂದು ಗುದ್ದುವಂತಿರುವ ಸೈಟಿಗೆ ನಮ್ಮಲ್ಲಿ ಕುತ್ತು ಅನ್ನುತ್ತಾರೆ. ಇಂಥ ಮೂಲೆಯ ಕುತ್ತು ಒಳ್ಳೆಯದು ಎಂದು ವಿನಾಯಿತಿ ಕೊಡುವವರೂ ಇದ್ದಾರೆ ಬಿಡಿ, ಆದರೆ ಸಾಮಾನ್ಯವಾಗಿ ಕಾಂಪೌಂಡ್ ಗೋಡೆಯಲ್ಲಿ ಒಂದು ಗೂಡು ಮಾಡಿ ಗಣಪತಿಯನ್ನು ಕೂರಿಸುತ್ತಾರೆ. ಚೀನಾದಲ್ಲೂ ಇದೇ ಭಯ. ಅಲ್ಲಿ ರಸ್ತೆ ಬಂದು ಮುಟ್ಟುವ ಜಾಗದಲ್ಲಿ 'ಷಿ ಗಾನ್ ದಾಂಗ್' ಎಂದು ಕೆತ್ತಿದ ಕಲ್ಲು ನೆಡುತ್ತಾರೆ. ಒಬ್ಬರಿಗೆ ಗಣಪತಿ, ಇನ್ನೊಬ್ಬರಿಗೆ ಕಲ್ಲು, ಹೆದರಿಕೆ ಒಂದೇ. ರಾತ್ರಿಯಿಡೀ ಗಾಡಿಗಳ ಲೈಟು ಮಲಗುವ ಕೋಣೆಗೆ ಬಡಿಯುವ ಮನೆಯಲ್ಲಿ ಇದ್ದು ನೋಡಿದವರಿಗೆ ಆ ಹೆದರಿಕೆ ಅರ್ಥವಾಗುತ್ತದೆ. ತೊಲೆ ಕೆಳಗೆ ಮಲಗಬೇಡ ಎನ್ನುವುದೂ ಎರಡೂ ಕಡೆ ಇದೆ. ಇಂಥವೆಲ್ಲ ಮೈಗೆ, ನಿದ್ದೆಗೆ, ಭಯಕ್ಕೆ ಸೇರಿದವು. ಮೈ ಬೆಂಗಳೂರಲ್ಲೂ ಒಂದೇ, ಬೀಜಿಂಗಲ್ಲೂ ಒಂದೇ. ಜಗಳವಿರುವುದೆಲ್ಲ ಬಿಸಿಲು ಗಾಳಿಗಳದ್ದು, ಅವು ಊರಿಂದ ಊರಿಗೆ ಬೇರೆ. ಹಾಗಾಗಿ ಯಾರಾದರೂ ಒಂದು ನಿಯಮ ಹೇಳಿದರೆ ನಾನು ಮೊದಲು ಕೇಳಿಕೊಳ್ಳುವುದು, ಇನ್ನೊಂದು ಪದ್ಧತಿ ಇದಕ್ಕೆ ಏನನ್ನುತ್ತದೆ ಎಂದು. ಎರಡೂ ಹೌದು ಅಂದರೆ ಸುಮ್ನೆ ಪಾಲಿಸುತ್ತೇನೆ. ಇಲ್ಲದಿದ್ದರೆ ಕಿಟಕಿ ತೆಗೆದು ಹೊರಗೆ ನೋಡುತ್ತೇನೆ.

ಮಲಗುವ ಕೋಣೆಯ ವಿಷಯದಲ್ಲಿ ಫೆಂಗ್ ಶೂಯಿಯ ಒಂದು ಮಾತು ನನಗೆ ಹಿಡಿಸಿದೆ. ಮಂಚದಿಂದ ಬಾಗಿಲು ಕಾಣಬೇಕು, ಆದರೆ ಬಾಗಿಲಿಗೆ ನೇರವಾಗಿ ಇರಬಾರದು, ತಲೆಯ ಹಿಂದೆ ಗಟ್ಟಿ ಗೋಡೆ ಇರಬೇಕು. ಹಾಗೆ ಮಲಗಿ ನೋಡಿ, ಯಾಕೆ ಎಂದು ಯಾರೂ ಹೇಳಬೇಕಾಗಿಲ್ಲ. ಅದೇ ಫೆಂಗ್ ಶೂಯಿ ಹುಟ್ಟಿದ ಇಸವಿಯ ಮೇಲೆ ಲೆಕ್ಕ ಹಾಕಿ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು ಕೊಡುತ್ತದೆ. ಗಂಡಸರಿಗೆ ಬೇರೆ ಲೆಕ್ಕ, ಹೆಂಗಸರಿಗೆ ಬೇರೆ. ಗಂಡ ಪೂರ್ವದ ಗುಂಪು, ಹೆಂಡತಿ ಪಶ್ಚಿಮದ ಗುಂಪು ಆದರೆ ಒಂದೇ ಮಂಚದಲ್ಲಿ ಒಬ್ಬರ ತಲೆ ಇನ್ನೊಬ್ಬರ ಕಾಲ ಕಡೆ ಬರಬೇಕಾಗುತ್ತದೆ. ಇಂಥದ್ದನ್ನು ನಾನು ಕೈಮುಗಿದು ಬಿಟ್ಟಿದ್ದೇನೆ.

ಎರಡೂ ಒಪ್ಪುವ ಇನ್ನೊಂದು ಸಂಗತಿ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಮನೆಯ ನಡುಭಾಗ ಖಾಲಿ ಬಿಡುವುದು. ವಾಸ್ತುವಿನವರು ಮನೆಯ ನಕ್ಷೆಯಾಗಿ ಬರೆಯುವ 81 ಚೌಕಗಳ ಮಂಡಲದಲ್ಲಿ ನಡುವಿನ ಒಂಬತ್ತು ಬ್ರಹ್ಮನಿಗೆ. ಅಲ್ಲಿ ಕಂಬ ಬೇಡ, ಗೋಡೆ ಬೇಡ, ಭಾರ ಬೇಡ. ನಮ್ಮ ತೊಟ್ಟಿ ಮನೆಗಳಲ್ಲಿ ಆ ಜಾಗ ಆಕಾಶಕ್ಕೇ ತೆರೆದುಕೊಂಡಿತ್ತು. ನಾಲ್ಕು ಕಡೆಯ ಮಾಡಿನ ಮಳೆ ಅಲ್ಲಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಹಪ್ಪಳ ಒಣಗುತ್ತಿತ್ತು. ಸುತ್ತಲಿನ ಜಗಲಿಯಲ್ಲಿ ಒಬ್ಬರು ಅಡಿಕೆ ಆರಿಸುತ್ತಿದ್ದರೆ ಇನ್ನೊಬ್ಬರು ಮಗುವಿಗೆ ಎಣ್ಣೆ ಒತ್ತುತ್ತಿದ್ದರು. ಬೀಜಿಂಗ್‌ನ ಚೌಕಿ ಮನೆಯ ಅಂಗಳವೂ ಹಾಗೇ, ಅಲ್ಲಿ ದಾಳಿಂಬೆ ಗಿಡ, ಹೊಂಬಣ್ಣದ ಮೀನಿನ ಬಾನಿ. ಇಷ್ಟು ದೂರದ ಎರಡು ಜನ ಮನೆಯ ಅತ್ಯಂತ ಬೆಲೆಬಾಳುವ ಜಾಗವನ್ನು ಯಾವ ಕೆಲಸಕ್ಕೂ ಕೊಡದೆ ಬಿಟ್ಟಿದ್ದಾರೆ. ಚದರಡಿ ಲೆಕ್ಕದಲ್ಲಿ ಮನೆ ಮಾರುವವರಿಗೆ ಇದು ಅರ್ಥವಾಗುವುದು ಕಷ್ಟ.

ಫ್ಲಾಟಿನಲ್ಲಿ ಆಕಾಶ ತರುವುದಕ್ಕಾಗುವುದಿಲ್ಲ. ಆದರೆ ಹಾಲ್‌ನ ನಡುವಿನ ಟೀಪಾಯ್ ತೆಗೆಯಬಹುದು. ನಾವು ತೆಗೆದೆವು. ಸೋಫಾವನ್ನು ಗೋಡೆಗೆ ತಳ್ಳಿದೆವು. ದುಡ್ಡು ಹರಿದು ಬಂತು ಎಂದು ಹೇಳಲಾರೆ. ಆದರೆ ಮಕ್ಕಳು ಈಗ ಅಲ್ಲಿ ಚೌಕಾಬಾರ ಹಾಕಿಕೊಂಡು ಕೂರುತ್ತಾರೆ, ಅಮ್ಮ ಸೊಪ್ಪು ಬಿಡಿಸಲು ಅಲ್ಲಿಗೇ ಬರುತ್ತಾರೆ. ಮೊದಲು ಎಲ್ಲರೂ ಅವರವರ ರೂಮಿನಲ್ಲಿ ಇರುತ್ತಿದ್ದರು.

ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅತ್ತಿಗೆಯ ಫ್ಲಾಟಿನ ಕತೆ ಇದೆ. ಅವರ ದೊಡ್ಡ ಬೆಡ್‌ರೂಮು ನೈರುತ್ಯದಲ್ಲಿ. ದಕ್ಷಿಣಕ್ಕೊಂದು ಕಿಟಕಿ, ಪಶ್ಚಿಮಕ್ಕೊಂದು. ನೋಡಲು ಬಂದ ವಾಸ್ತು ಸಲಹೆಗಾರರು ಈ ಮೂಲೆ ಭಾರವಾಗಿರಬೇಕು, ತೆರೆದಿರಬಾರದು ಅಂದರು. ಸರಿ, ದಕ್ಷಿಣದ ಕಿಟಕಿಗೆ ಅಡ್ಡವಾಗಿ ಉತ್ತರಕ್ಕೆ ಬಾಗಿಲು ತೆಗೆಯುವ ಬೀರು ಬಂತು. ಪಶ್ಚಿಮದ ಕಿಟಕಿಗೆ ಪ್ಲೈವುಡ್ ಹೊಡೆಸಿದರು. ಮಳೆಗಾಲ ಬಂದದ್ದೇ ಬೀರುವಿನ ಹಿಂದೆ ಕಪ್ಪು ಚುಕ್ಕೆಗಳು ಎದ್ದವು. ಕಿಟಕಿಯ ಸಂದಿಯಿಂದ ಇಳಿದ ನೀರು ಒಣಗಲು ಗಾಳಿಯೇ ಇಲ್ಲ. ಮದುವೆಯ ರೇಷ್ಮೆ ಸೀರೆಯ ಅಂಚಿಗೆ ಬೂಷ್ಟು ಹಿಡಿಯಿತು, ಕೋಣೆ ತುಂಬ ಮುಗ್ಗಲು ವಾಸನೆ. ಫೋನು ಮಾಡಿದರೆ ಅದೇ ಸಲಹೆಗಾರರು ಬಟ್ಟಲಲ್ಲಿ ಕಲ್ಲುಪ್ಪು ಇಡಿ ಅಂದರು. ಕೊನೆಗೆ ಅಮ್ಮ ಹೋಗಿ ನೋಡಿ, 'ಭಾರ ಇಡಿ ಅಂದ್ರೆ ಗೋಡೆಗೆ ಇಡೋದು ಕಣಮ್ಮ, ಕಿಟಕಿಗಲ್ಲ' ಅಂದರು. ಬೀರುವನ್ನು ಎರಡು ಮೊಳ ಪಕ್ಕಕ್ಕೆ ಸರಿಸಿದರು, ಪ್ಲೈವುಡ್ ಕಿತ್ತು ಬಿದಿರಿನ ಪರದೆ ಕಟ್ಟಿದರು. ಬೀರು ಈಗಲೂ ನೈರುತ್ಯದಲ್ಲೇ ಇದೆ, ಕುಬೇರನ ಕಡೆಗೇ ಬಾಗಿಲು ತೆಗೆಯುತ್ತದೆ. ಶಾಸ್ತ್ರಕ್ಕೂ ಚ್ಯುತಿ ಇಲ್ಲ, ಸೀರೆಗೂ ಇಲ್ಲ.

ಯಾರಾದರೂ ಫ್ಲಾಟು ನೋಡಲು ಹೊರಟಿದ್ದರೆ ನಾನು ಹೇಳುವುದು ಕೆಲವೇ ಮಾತು. ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಡಿ, ಆ ಹೊತ್ತಲ್ಲಿ ಎಲ್ಲ ಮನೆಯೂ ಚೆಂದ. ಏಪ್ರಿಲ್‌ನ ಸಂಜೆ ನಾಲ್ಕಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಅಡುಗೆಮನೆಯ ಕಿಟಕಿ ಹೊರಗೆ ತೆರೆಯುತ್ತದೋ, ಡಕ್ಟ್‌ಗೋ ಕೇಳಿ. ಡಕ್ಟ್ ಆದರೆ ಕೆಳಗಿನ ಮನೆಯ ಒಗ್ಗರಣೆಯ ಘಾಟು ನಿಮಗೂ ಬರುತ್ತದೆ, ಅಗ್ನಿಮೂಲೆ ಸರಿಯಾಗಿದ್ದರೂ ಅಷ್ಟೇ. ಜೊತೆಗೆ ಬಂದವರು ಹಾಲ್‌ನಲ್ಲಿ ನಿಂತು ಫೋನಿನ ಕಂಪಾಸ್ ಆ್ಯಪ್ ತೆಗೆದರೆ ಅವರನ್ನು ಬಾಲ್ಕನಿಗೋ, ಆಗದಿದ್ದರೆ ಕೆಳಗೆ ರಸ್ತೆಗೋ ಕರೆದುಕೊಂಡು ಹೋಗಿ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ, ಲಿಫ್ಟಿಗೆ ಹತ್ತಿರ ಹಿಡಿದರೆ ಆ ಮುಳ್ಳು ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಲಿಫ್ಟಿನ ಪಕ್ಕ ನಿಂತು ನೋಡಿ ಈಸ್ಟ್ ಫೇಸಿಂಗ್ ಎಂದು ಜಾಸ್ತಿ ದುಡ್ಡು ಕೊಟ್ಟವರೂ ಇದ್ದಾರೆ.